ಸಿಂಪ್ಸನ್ ಮರುಭೂಮಿಗೆ ಗಾಡಿ ಅಣಿಮಾಡಿಸಿದ ಕಥೆ: ಅಡಿಲೇಡಿನ ಒಂದು ವರ್ಕ್‌ಶಾಪಿನ ವಿಮರ್ಶೆ

ವೇಬ್ರಿಡ್ಜಿನ ಮೇಲೆ ನಿಂತ ನಮ್ಮ ಟೊಯೋಟಾ ಪ್ರಾಡೊ 3,140 ಕಿಲೋ ತೂಗಿತು. ತಯಾರಕರು ಅದಕ್ಕೆ ಗೊತ್ತುಮಾಡಿರುವ ಗರಿಷ್ಠ ಒಟ್ಟು ತೂಕ 2,990 ಕಿಲೋ. ಆ ಹೊತ್ತಿಗೆ ಗಾಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ, ತುಂಬಿದ ಡೀಸೆಲ್ ಟ್ಯಾಂಕು, ನೂರು ಲೀಟರ್ ನೀರು, ಹದಿನಾಲ್ಕು ದಿನದ ದಿನಸಿ, ತಲೆಯ ಮೇಲೊಂದು ಮಡಚುವ ಡೇರೆ, ಹಿಂಬದಿಯಲ್ಲಿ ಉಕ್ಕಿನ ಡ್ರಾಯರುಗಳು ಇದ್ದವು. ವರ್ಷವಿಡೀ ಒಂದೊಂದಾಗಿ ಆಸೆಪಟ್ಟು ಕೊಂಡ ಸಾಮಾನುಗಳು ಅವು. ನನ್ನ ಪಕ್ಕದಲ್ಲಿ ನಿಂತಿದ್ದ ಮೆಕ್ಯಾನಿಕ್ ಚೀಟಿಯನ್ನು ಕೈಗೆ ಕೊಟ್ಟು, ಇದರಲ್ಲಿ ಇನ್ನೂರು ಕಿಲೋ ಇಳಿಸಿ ತಂದ ಮೇಲೆ ಕೆಲಸ ಶುರುಮಾಡುತ್ತೇನೆ ಎಂದು ಹೇಳಿ, ಆ ದಿನಕ್ಕೆ ಬಿಲ್ಲನ್ನೂ ಹಾಕದೆ ಕಳುಹಿಸಿದ. ಗಿರಾಕಿಯಾಗಿ ಹೋದವನಿಗೆ ಇದು ಸ್ವಲ್ಪ ಕಸಿವಿಸಿ ಉಂಟುಮಾಡಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಈಗ ಹಿಂತಿರುಗಿ ನೋಡಿದರೆ, ಮುಂದೆ ಕೊಟ್ಟ ಆರು ಸಾವಿರ ಚಿಲ್ಲರೆ ಡಾಲರುಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪುಕ್ಕಟೆಯಾಗಿ ಸಿಕ್ಕ ಆ ಒಂದು ಮಾತೇ.

ಅಡಿಲೇಡಿನ ಉತ್ತರ ಭಾಗದಲ್ಲಿರುವ ಈ ವರ್ಕ್‌ಶಾಪಿನ ಹೆಸರನ್ನು ನಾನು ಇಲ್ಲಿ ಹೇಳುತ್ತಿಲ್ಲ. ಅವರ ಕೆಲಸದಲ್ಲಿ ಮೆಚ್ಚುಗೆಯಾದದ್ದು ಬಹಳ ಇದ್ದರೂ ದೂರು ಹೇಳಬೇಕಾದ ಎರಡು ಸಂಗತಿಗಳಿವೆ, ಅವು ಅವರಿಗೂ ಗೊತ್ತಿವೆ, ಮಾತಾಡಿ ಮುಗಿದಿವೆ. ಇಂಥ ವರ್ಕ್‌ಶಾಪುಗಳು ಆಸ್ಟ್ರೇಲಿಯದ ಎಲ್ಲ ದೊಡ್ಡ ಊರುಗಳಲ್ಲೂ ಇವೆ. ಅವುಗಳಿಂದ ಏನನ್ನು ಮಾಡಿಸಿಕೊಳ್ಳಬೇಕು, ಏನನ್ನು ಬೇಡವೆನ್ನಬೇಕು, ಕೆಲಸ ಮುಗಿದ ಮೇಲೆ ಏನನ್ನು ನಾವೇ ಪರೀಕ್ಷಿಸಿಕೊಳ್ಳಬೇಕು ಎಂಬುದನ್ನು ಮರುಭೂಮಿಯ ದಾರಿಗೆ ಮೊದಲ ಬಾರಿ ಹೊರಡುವ ಕನ್ನಡಿಗರಿಗೆ ತಿಳಿಸುವುದಷ್ಟೇ ಈ ಬರಹದ ಉದ್ದೇಶ.

ಮೊದಲು ದಾರಿಯ ಬಗ್ಗೆ ಒಂದಷ್ಟು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಸಿಂಪ್ಸನ್ ಮರುಭೂಮಿಯು ದಕ್ಷಿಣ ಆಸ್ಟ್ರೇಲಿಯ, ಕ್ವೀನ್ಸ್‌ಲ್ಯಾಂಡ್ ಮತ್ತು ನಾರ್ದರ್ನ್ ಟೆರಿಟರಿ ಈ ಮೂರರ ಗಡಿಗಳು ಸೇರುವ ಕಡೆ ಹರಡಿಕೊಂಡಿದೆ. ಅಲ್ಲಿನ ಮರಳುದಿಣ್ಣೆಗಳು ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಉಳುಮೆಯ ಸಾಲುಗಳಂತೆ ಒಂದರ ಪಕ್ಕ ಒಂದು ಮಲಗಿವೆ, ಒಟ್ಟು ಸಾವಿರಕ್ಕೂ ಹೆಚ್ಚು. ನಾವು ಹೋದ ಫ್ರೆಂಚ್ ಲೈನ್ ಎಂಬ ದಾರಿಯನ್ನು 1960ರ ದಶಕದಲ್ಲಿ ಫ್ರೆಂಚ್ ತೈಲ ಕಂಪನಿಯೊಂದು ಭೂಗರ್ಭ ಸಮೀಕ್ಷೆಗಾಗಿ ಬುಲ್ಡೋಜರಿನಿಂದ ತೆಗೆಸಿತು. ಸಮೀಕ್ಷೆಯವರಿಗೆ ಬೇಕಾಗಿದ್ದದ್ದು ನೇರ ಗೆರೆಯೇ ಹೊರತು ಸುಗಮ ದಾರಿಯಲ್ಲವಾದ್ದರಿಂದ ಅದು ದಿಣ್ಣೆಗಳನ್ನು ಬಳಸಿ ಹೋಗದೆ ಪೂರ್ವ ಪಶ್ಚಿಮವಾಗಿ ಒಂದೊಂದನ್ನೂ ಹತ್ತಿಳಿಯುತ್ತದೆ. ಪಶ್ಚಿಮದ ಕೊನೆಯಲ್ಲಿ ಇಂಧನ ಸಿಗುವ ಮೌಂಟ್ ಡೇರ್ ಎಂಬ ಹೋಟೆಲು, ಪೂರ್ವದ ಕೊನೆಯಲ್ಲಿ ಬರ್ಡ್ಸ್‌ವಿಲ್ ಎಂಬ ಪುಟ್ಟ ಊರು, ನಡುವೆ ಹೆಚ್ಚುಕಡಿಮೆ 500 ಕಿಲೋಮೀಟರ್. ಆ ಅಂತರದಲ್ಲಿ ಡೀಸೆಲ್ ಇಲ್ಲ, ಅಂಗಡಿಯಿಲ್ಲ, ಗ್ಯಾರೇಜಿಲ್ಲ. ಗಾಡಿ ಕೆಟ್ಟು ನಿಂತರೆ ಎಳೆದು ತರಲು ಹಲವು ಸಾವಿರ ಡಾಲರ್ ತೆರಬೇಕಾಗುತ್ತದೆ. ಬೇಸಿಗೆಯಲ್ಲಿ, ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ, ದಕ್ಷಿಣ ಆಸ್ಟ್ರೇಲಿಯಕ್ಕೆ ಸೇರಿದ ಮುಂಗಾ-ತಿರಿ ಸಿಂಪ್ಸನ್ ಮರುಭೂಮಿ ರಾಷ್ಟ್ರೀಯ ಉದ್ಯಾನವನ್ನು ಪೂರ್ತಿ ಮುಚ್ಚುತ್ತಾರೆ. ನಾವು ಹೋದದ್ದು ಜುಲೈನಲ್ಲಿ, ಎರಡು ಗಾಡಿಗಳಲ್ಲಿ. ಇನ್ನೊಂದು ಗಾಡಿ ಮೆಲ್ಬರ್ನಿನಲ್ಲಿರುವ ನನ್ನ ಭಾವಮೈದುನನದು.

ಈ ಮರಳಿನಲ್ಲಿ ವಾಂಗ್‌ಕಂಗುರು ಜನರು ಮಿಕಿರಿ ಎಂದು ಕರೆಯುವ ಬಾವಿಗಳನ್ನು ತೋಡಿಕೊಂಡು ತಲೆತಲಾಂತರದಿಂದ ಬಾಳಿದ್ದರು. ಹೊರಗಿನವರಲ್ಲಿ 1936ರಲ್ಲಿ ಟೆಡ್ ಕೋಲ್ಸನ್ ಮೂಲನಿವಾಸಿ ಸಂಗಾತಿಯೊಬ್ಬನೊಡನೆ ಒಂಟೆಗಳ ಮೇಲೆ ದಾಟಿದ. ಮೋಟಾರು ಗಾಡಿಯಲ್ಲಿ ಮೊದಲು ದಾಟಿದವನು ಭೂವಿಜ್ಞಾನಿ ರೆಜ್ ಸ್ಪ್ರಿಗ್. 1962ರಲ್ಲಿ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಒಂದು ನಿಸ್ಸಾನ್ ಪ್ಯಾಟ್ರೋಲ್‌ನಲ್ಲಿ. ಈ ವಿಷಯವನ್ನು ವರ್ಕ್‌ಶಾಪಿನ ಯಜಮಾನರು ಹೇಳಿದ್ದು ನಾನು ತೋರಿಸಿದ ಸಾಮಾನಿನ ಪಟ್ಟಿಯನ್ನು ಓದಿ ಮುಗಿಸಿದ ಮೇಲೆ. ಪಟ್ಟಿಯಲ್ಲಿ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿದ್ಯುತ್ ವಿಂಚು, ಹೆಚ್ಚುವರಿ ದೀಪಗಳು, ಎತ್ತರದ ಜಾಕು, ಛಾವಣಿಯ ಎರಡು ಬದಿಗೂ ಬಿಚ್ಚುವ ಚಪ್ಪರ ಇತ್ಯಾದಿ ಹದಿನೇಳು ಬಾಬತ್ತುಗಳಿದ್ದವು. ಅವರು ಪೆನ್ಸಿಲ್ಲಿನಿಂದ ಹನ್ನೊಂದನ್ನು ಹೊಡೆದುಹಾಕಿದರು. ಮಾರಾಟ ಮಾಡಿ ಲಾಭ ಗಳಿಸಬಹುದಾದ ಮನುಷ್ಯ ತಾನಾಗಿ ಬೇಡವೆನ್ನುವುದನ್ನು ಈ ವ್ಯಾಪಾರದಲ್ಲಿ ನಾನು ಬೇರೆಲ್ಲೂ ಕಂಡಿರಲಿಲ್ಲ.

ಹೊಡೆದುಹಾಕಿದ ಪ್ರತಿಯೊಂದಕ್ಕೂ ಅವರು ಕಾರಣ ಕೊಟ್ಟರು. ವಿಂಚನ್ನು ಬಳಸಲು ಎದುರಿಗೆ ಗಟ್ಟಿಯಾದ ಮರವೋ ಬಂಡೆಯೋ ಬೇಕು. ದಿಣ್ಣೆಯ ನೆತ್ತಿಯ ಮೇಲೆ ಮೊಣಕಾಲೆತ್ತರದ ಹುಲ್ಲಿಗೆ ಹಗ್ಗ ಕಟ್ಟಿ ಸುಮಾರು ಮೂರು ಟನ್ನಿನ ಗಾಡಿಯನ್ನು ಎಳೆಯಲಾಗದು. ಎತ್ತರದ ಜಾಕು ಹದಿಮೂರು ಕಿಲೋ ತೂಗುತ್ತದೆ, ಮರಳಿನಲ್ಲಿ ವಾಲುತ್ತದೆ, ನಮ್ಮ ಗಾಡಿಯ ಮೈಯಲ್ಲಿ ಅದನ್ನು ಕೊಟ್ಟು ಎತ್ತಲು ಸರಿಯಾದ ಜಾಗವೂ ಇಲ್ಲ. ಅದರ ಬದಲು ಬಾಟಲ್ ಜಾಕೂ ಅದರಡಿಗೆ ಹಾಕಲು ದಪ್ಪ ಪ್ಲೈವುಡ್ಡಿನ ಒಂದಡಿ ಚೌಕದ ಹಲಗೆಯೂ ಸಾಕು ಎಂದರು. ನಾನು ಛಾವಣಿಯ ಮೇಲೆ ಹೊರಬೇಕೆಂದಿದ್ದ ಎರಡು ಇಪ್ಪತ್ತು ಲೀಟರಿನ ಡೀಸೆಲ್ ಕ್ಯಾನುಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರು. ಮರಳಿನಲ್ಲಿ ನೂರು ಕಿಲೋಮೀಟರಿಗೆ 25 ಲೀಟರ್ ಕುಡಿಯುತ್ತದೆ ಎಂದು ಧಾರಾಳವಾಗಿಯೇ ಹಿಡಿದರೂ 500 ಕಿಲೋಮೀಟರಿಗೆ 125 ಲೀಟರ್ ಆಯಿತು. ನಮ್ಮ ಮಾದರಿಯ ಪ್ರಾಡೊದಲ್ಲಿ ಎರಡು ಟ್ಯಾಂಕು ಸೇರಿ 150 ಲೀಟರ್ ಹಿಡಿಯುತ್ತದೆ. ಹಾಗಿರುವಾಗ ನಲವತ್ತು ಕಿಲೋವನ್ನು ಗಾಡಿಯ ನೆತ್ತಿಗೆ ಏರಿಸಿ ದಿಣ್ಣೆಯ ಓರೆಯಲ್ಲಿ ವಾಲಿಸುವುದು ಏಕೆ? ನಿಜಕ್ಕೂ ಮೌಂಟ್ ಡೇರ್‌ನಲ್ಲಿ ಬಾಯಿಯವರೆಗೆ ತುಂಬಿಸಿದ ಟ್ಯಾಂಕಿಗೆ ಬರ್ಡ್ಸ್‌ವಿಲ್ಲಿನಲ್ಲಿ ಹಿಡಿದದ್ದು 98 ಲೀಟರ್.

ಹೀಗೆ ಮನೆಗೆ ಬಂದು ಇಳಿಸುವ ಕೆಲಸ ಶುರುವಾಯಿತು. ಅರವತ್ತೆರಡು ಕಿಲೋದ ಛಾವಣಿ ಡೇರೆಯನ್ನು ಬಿಚ್ಚಿ ಹದಿನಾಲ್ಕು ಕಿಲೋದ ನೆಲದ ಡೇರೆ ಹಾಕಿಕೊಂಡೆವು. ಎಪ್ಪತ್ತು ಕಿಲೋದ ಉಕ್ಕಿನ ಡ್ರಾಯರುಗಳನ್ನು ತೆಗೆದು, ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ನೆಲದ ಕೊಂಡಿಗಳಿಗೆ ಪಟ್ಟಿ ಬಿಗಿದು ಕೂರಿಸಿದೆವು. ಜಾಕು ಹೋಯಿತು, ಕ್ಯಾನುಗಳು ಹೋದವು. ಕೊನೆಯ ಮೂವತ್ತೇಳು ಕಿಲೋ ಮಾತ್ರ ಅಡುಗೆಮನೆಯಿಂದ ಮತ್ತು ಬಟ್ಟೆಯ ಚೀಲಗಳಿಂದ ಬರಬೇಕಾಗಿತ್ತು, ನಿಜವಾದ ಚರ್ಚೆ ನಡೆದದ್ದು ಅಲ್ಲೇ. ಬೀಡುಕಬ್ಬಿಣದ ದೋಸೆ ಹಂಚನ್ನು ಬಿಡಲು ನನ್ನ ಹೆಂಡತಿ ಒಪ್ಪಿದಳು. "ಕುಕ್ಕರ್ ಮಾತ್ರ ಬಿಡೋಲ್ಲ ರೀ, ಬೇಕಾದ್ರೆ ನಿಮ್ಮ ಆ ಎರಡನೇ ಸ್ಪ್ಯಾನರ್ ಸೆಟ್ ಇಳಿಸಿ" ಎಂದಳು. ಸ್ಪ್ಯಾನರ್ ಸೆಟ್ ಇಳಿಯಿತು. ಅವಳ ಮಾತಿನಲ್ಲಿ ಲೆಕ್ಕಾಚಾರವೂ ಇತ್ತು. ಕುಕ್ಕರಿನಲ್ಲಿ ಬೇಳೆ ಅಕ್ಕಿ ಬೇಯಲು ನೀರೂ ಗ್ಯಾಸೂ ಕಡಿಮೆ ಸಾಕು, ಮತ್ತು ಡಬ್ಬಿಗಳಲ್ಲಿ ಸಿಗುವ ತಯಾರಿ ಊಟಕ್ಕಿಂತ ಅವಲಕ್ಕಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿಗಳು ತೂಕದಲ್ಲಿ ಎಷ್ಟೋ ಹಗುರ. ಎರಡನೆಯ ಸಲ ವೇಬ್ರಿಡ್ಜಿಗೆ ಹೋದಾಗ 2,940 ಕಿಲೋ ಬಂತು. ಸಸ್ಪೆನ್ಷನ್ ಬದಲಿಸಿ ಗಾಡಿಯ ಕಾನೂನುಬದ್ಧ ತೂಕದ ಮಿತಿಯನ್ನೇ ಏರಿಸಿಕೊಳ್ಳುವ ದಾರಿಯೂ ಇದೆ, ಅದಕ್ಕೆ ಪ್ರಮಾಣಪತ್ರವೂ ಸಿಗುತ್ತದೆ. ಆದರೆ ಮಿತಿಯನ್ನು ಏರಿಸಿದ ಮಾತ್ರಕ್ಕೆ ಮರಳು ಗಟ್ಟಿಯಾಗುವುದಿಲ್ಲ ಎಂದು ಯಜಮಾನರು ಅದನ್ನೂ ಬೇಡವೆಂದರು.

ಇನ್ನು ಅವರು ಮಾಡಿದ ಕೆಲಸದ ವಿಷಯ. ಬಿಲ್ಲಿನ ಮೊತ್ತ ಟೈರುಗಳನ್ನು ಬಿಟ್ಟು 6,180 ಡಾಲರ್. ಇದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಹಿಂಬದಿಯ ಕಾಯಿಲ್ ಸ್ಪ್ರಿಂಗುಗಳಿಗೂ ನಾಲ್ಕು ಶಾಕ್ ಅಬ್ಸಾರ್ಬರುಗಳಿಗೂ ಹೋಯಿತು. ಈ ಖರ್ಚು ಸರಿಯೇ ಎಂದು ಅನುಮಾನಪಡುವವರಿಗೆ ಊಡ್ನಡಾಟಾ ದಾರಿಯ ಬಗ್ಗೆ ಹೇಳಬೇಕು. ಮರೀ ಎಂಬ ಊರಿನಿಂದ ಉತ್ತರಕ್ಕೆ, ಹಳೆಯ ಘಾನ್ ರೈಲುದಾರಿಯ ಮಗ್ಗುಲಿನಲ್ಲಿ ನೂರಾರು ಕಿಲೋಮೀಟರ್ ಸಾಗುವ ಈ ಮಣ್ಣಿನ ದಾರಿಯ ಮೇಲ್ಮೈ ತಗಡಿನ ಶೀಟಿನಂತೆ ಅಡ್ಡಗೆರೆಗಳಾಗಿ ಏರಿಳಿದಿರುತ್ತದೆ. ಗಾಡಿ ನಿಮಿಷಕ್ಕೆ ನೂರಾರು ಸಲ ಕುಕ್ಕುವಾಗ ಆ ಕುಕ್ಕುವಿಕೆಯನ್ನೆಲ್ಲ ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆಯು ಶಾಖವಾಗಿ ಮಾರ್ಪಡಿಸಬೇಕು. ಎಣ್ಣೆ ಅತಿಯಾಗಿ ಕಾದರೆ ತೆಳ್ಳಗಾಗಿ ನೊರೆಯೆದ್ದು ಹಿಡಿತ ಕಳೆದುಕೊಳ್ಳುತ್ತದೆ, ಆಮೇಲೆ ಗಾಡಿ ರಸ್ತೆಯ ಮೇಲೆ ಚಲಿಸುವುದಿಲ್ಲ, ತೇಲುತ್ತದೆ. ಹಳೆಯ ಶಾಕ್‌ಗಳು 90,000 ಕಿಲೋಮೀಟರ್ ಓಡಿದ್ದವು, ಹೊರನೋಟಕ್ಕೆ ಸೋರಿಕೆ ಇರಲಿಲ್ಲ, ಊರಿನಲ್ಲಿ ಓಡಿಸಲು ಏನೂ ತೊಂದರೆಯಿರಲಿಲ್ಲ. ಭಾವಮೈದುನ ತನ್ನ ಗಾಡಿಗೆ ಹಳೆಯವನ್ನೇ ಇಟ್ಟುಕೊಂಡಿದ್ದ. ವಿಲಿಯಂ ಕ್ರೀಕ್ ದಾಟಿದ ಮಧ್ಯಾಹ್ನ ಅವನು ನಿಲ್ಲಿಸಿ, "ಭಾವ, ಹಿಂದಿನ ಎರಡನ್ನೂ ಮುಟ್ಟೋಕಾಗ್ತಿಲ್ಲ" ಎಂದು ರೇಡಿಯೋದಲ್ಲಿ ಹೇಳಿದಾಗ ನಮ್ಮವನ್ನೂ ಮುಟ್ಟಿ ನೋಡಿದೆ. ಬಿಸಿಯಿದ್ದವು, ಕೈ ಇಟ್ಟುಕೊಳ್ಳುವಷ್ಟು. ಅಲ್ಲಿಂದ ಮುಂದೆ ಅವನಿಗಾಗಿ ಗಂಟೆಗೊಮ್ಮೆ ಕಾಲು ಗಂಟೆ ನಿಲ್ಲಬೇಕಾಯಿತು.

ನನಗೆ ಹೆಚ್ಚು ತೃಪ್ತಿ ಕೊಟ್ಟ ಭಾಗ ಕಣ್ಣಿಗೆ ಕಾಣದ ಸಣ್ಣ ಕೆಲಸಗಳದು. ಎಂಜಿನ್ನಿನ ಶಕ್ತಿಯನ್ನು ಎಡಬಲದ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಎಂಬ ಗೇರುಪೆಟ್ಟಿಗೆಯ ಉಸಿರುಕೊಳವೆಗಳನ್ನು ಎಂಜಿನ್ ಕೋಣೆಯವರೆಗೆ ಉದ್ದ ಮಾಡಿ ಎತ್ತರದಲ್ಲಿ ಕಟ್ಟಿದರು. ಕಾದ ಡಿಫ್ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನೋ ನುಣ್ಣನೆಯ ದೂಳನ್ನೋ ಒಳಕ್ಕೆ ಸೆಳೆದುಕೊಳ್ಳದಿರಲೆಂದು ಈ ಏರ್ಪಾಡು. ದೂರದ ಊರುಗಳ ಡೀಸೆಲ್ಲಿನಲ್ಲಿ ಇರಬಹುದಾದ ನೀರನ್ನು ಹಿಡಿಯಲು ಮೂಲ ಫಿಲ್ಟರಿಗಿಂತ ಮೊದಲು ಇನ್ನೊಂದು ಫಿಲ್ಟರ್ ಕೂರಿಸಿ, ಅದರ ತಳದಿಂದ ನೀರು ಬಸಿಯುವುದು ಹೇಗೆಂದು ನನ್ನ ಕೈಯಲ್ಲೇ ಮಾಡಿಸಿದರು. ರೇಡಿಯೇಟರಿನ ಹೋಸುಗಳನ್ನು ಹಿಸುಕಿ ನೋಡಿ ಕೆಳಗಿನದನ್ನು ಬದಲಿಸಿ, ತೆಗೆದ ಹಳೆಯದನ್ನು ಎಸೆಯದೆ ಚೀಲಕ್ಕೆ ಹಾಕಿ ಕೊಟ್ಟರು, ಆಪತ್ತಿಗೆ ಹಳೆಯ ಹೋಸೂ ಹೋಸೇ ಎಂದು. ಎರಡನೆಯ ಬ್ಯಾಟರಿಯನ್ನು ಕೂರಿಸಿದ ತಟ್ಟೆಯ ಪ್ರತಿ ಬೋಲ್ಟಿಗೂ ಲಾಕ್ ನಟ್ ಹಾಕಿ, ನಟ್ಟಿನಿಂದ ತಟ್ಟೆಯವರೆಗೆ ಹಳದಿ ಬಣ್ಣದ ಗೆರೆಯೊಂದನ್ನು ಎಳೆದಿದ್ದರು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಹದಿನಾಲ್ಕು ದಿನ ಪ್ರತಿ ಸಂಜೆ ಆ ಗೆರೆಗಳನ್ನು ಟಾರ್ಚು ಹಿಡಿದು ನೋಡಿದೆ. ಬ್ಯಾಟರಿಯದು ಒಂದೂ ಮುರಿಯಲಿಲ್ಲ. ಛಾವಣಿಯ ಕ್ಯಾರಿಯರಿನದು ಎರಡು ಮುರಿದವು, ಬಿಗಿಮಾಡಿಕೊಂಡೆ. ಎರಡು ಡಾಲರಿನ ಬಣ್ಣದ ಪೆನ್ನಿನ ಈ ಉಪಾಯ ಬಿಲ್ಲಿನಲ್ಲಿ ಎಲ್ಲೂ ಕಾಣಿಸಿರಲಿಲ್ಲ.

ಟೈರುಗಳನ್ನು ಬೇರೆ ಅಂಗಡಿಯಲ್ಲಿ ಹಾಕಿಸಿದರೂ ಆಯ್ಕೆ ಇವರದೇ. ದಪ್ಪ ಕಚ್ಚುಗಳ ಕೆಸರಿನ ಟೈರುಗಳು ಗಾಡಿಗೆ ಗತ್ತು ತರುತ್ತವೆ ನಿಜ, ಆದರೆ ಮರಳಿನಲ್ಲಿ ಅವು ಅಗೆಯುತ್ತವೆ. ಮರಳಿನಲ್ಲಿ ಬೇಕಾದದ್ದು ಅಗೆತವಲ್ಲ, ತೇಲುವಿಕೆ. ಇನ್ನೊಂದು ಕಡೆ, ಊಡ್ನಡಾಟಾದ ಸುತ್ತಲಿನ ಗಿಬ್ಬರ್ ಎಂಬ ಚೂಪುಗಲ್ಲಿನ ಬಯಲುಗಳು ಟೈರಿನ ಪಕ್ಕೆಯನ್ನು ಕೊಯ್ಯುವುದರಿಂದ ಪೇಟೆಯ ಕಾರಿನ ಮೆತ್ತನೆಯ ಟೈರುಗಳೂ ಆಗವು. ಹೀಗಾಗಿ ಲಘು ಟ್ರಕ್ಕುಗಳಿಗೆಂದು ಗಟ್ಟಿ ಪಕ್ಕೆಯಿಟ್ಟು ಮಾಡಿದ, ನಡುತರದ ಕಚ್ಚುಗಳ ಆಲ್ ಟೆರೇನ್ ಟೈರುಗಳನ್ನು ಹಾಕಿಸಿ, ಎರಡು ಸ್ಟೆಪ್ನಿ ಇಟ್ಟುಕೊಂಡೆವು. ಗಾಳಿಯ ವಿಷಯದಲ್ಲಿ ಅವರು ಕೊಟ್ಟ ಪಾಠವನ್ನು ಇಲ್ಲಿ ದಾಖಲಿಸುತ್ತೇನೆ. ಡಾಂಬರಿನ ಮೇಲೆ 38, ಕಲ್ಲುಮಣ್ಣಿನ ದಾರಿಯಲ್ಲಿ 28, ಮರಳಿಗೆ 16 ಪಿಎಸ್‌ಐ. ಗಾಳಿ ಇಳಿಸಿದಾಗ ಟೈರು ಅಗಲವಾಗುವುದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಚಪ್ಪಟೆಯಾಗಿ, ಟ್ರ್ಯಾಕ್ಟರಿನ ಸರಪಳಿ ಪಟ್ಟಿಯಂತೆ ಭಾರವನ್ನು ಹರಡುತ್ತದೆ. ಆದರೆ ಇಳಿಸಿದ ಗಾಳಿಯಲ್ಲಿ ವೇಗವಾಗಿ ಹೋದರೆ ಪಕ್ಕೆಗಳು ಮಡಚಿ ಮಡಚಿ ಕಾದು ಹರಿಯುತ್ತವೆ, ಆದ್ದರಿಂದ ಗಾಳಿ ಮತ್ತು ವೇಗ ಎರಡೂ ಒಟ್ಟಿಗೆ ಇಳಿಯಬೇಕು. ಗಾಳಿ ಇಳಿಸದೆ ಬರುವವರು ದಿಣ್ಣೆಯ ಏರಿನಲ್ಲಿ ಚಕ್ರ ತಿರುಗಿಸಿ ಗುಂಡಿ ಬೀಳಿಸುತ್ತಾರೆ, ಹಿಂದೆ ಬರುವವರೆಲ್ಲ ಆ ಗುಂಡಿಗಳಲ್ಲಿ ಕುಪ್ಪಳಿಸಬೇಕಾಗುತ್ತದೆ. ಫ್ರೆಂಚ್ ಲೈನಿನ ಉದ್ದಕ್ಕೂ ನಾವು ಅನುಭವಿಸಿದ್ದು ಇಂಥ ಅನಾಮಿಕರ ಅವಸರವನ್ನೇ.

ಗಾಳಿ ತುಂಬುವುದಕ್ಕೆ ಎಆರ್‌ಬಿ ಕಂಪನಿಯ ಎರಡು ಸಿಲಿಂಡರಿನ ಕಂಪ್ರೆಸರನ್ನು ಬಾನೆಟ್ಟಿನ ಕೆಳಗೆ ಕೂರಿಸಬೇಕೆಂಬುದು ನನ್ನ ಆಸೆಯಾಗಿತ್ತು. ಇದನ್ನು ಅವರು ಹೊಡೆದುಹಾಕಲಿಲ್ಲ, ಒಂದು ಸಿಲಿಂಡರಿನದೇ ಸಾಕಾದೀತು ಎಂದಷ್ಟೇ ಹೇಳಿದರು. ನಾನು ಹಟ ಹಿಡಿದು ನನ್ನ ಬಳಿ ಮೊದಲೇ ಇದ್ದದ್ದನ್ನು ಹಾಕಿಸಿದೆ. ಬರ್ಡ್ಸ್‌ವಿಲ್ಲಿನ ಅಂಚಿನಲ್ಲಿ ಭಾವಮೈದುನನ ಒಂಟಿ ಸಿಲಿಂಡರ್ ನಾಲ್ಕು ಟೈರಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡಾಗ ನನ್ನದು ಎಂಟು ನಿಮಿಷದಲ್ಲಿ ಮುಗಿಸಿತು. ಆ ಹನ್ನೆರಡು ನಿಮಿಷದ ಉಳಿತಾಯಕ್ಕೆ ಅಷ್ಟು ಬೆಲೆ ಕೊಡಬೇಕಾಗಿತ್ತೇ ಎಂಬ ಪ್ರಶ್ನೆಗೆ ನನ್ನಲ್ಲಿ ಪ್ರಾಮಾಣಿಕವಾದ ಉತ್ತರವಿಲ್ಲ. ನೊಣಗಳು ಕಾಡುವ ದಿನ ಹೌದೆನಿಸುತ್ತದೆ.

ಹೂತ ಗಾಡಿಯನ್ನು ಎತ್ತುವ ಸಾಮಾನುಗಳಲ್ಲಿ ವರ್ಕ್‌ಶಾಪಿನವರು ಕಟ್ಟುನಿಟ್ಟಾಗಿ ಇದ್ದದ್ದು ಒಂದೇ ವಿಷಯದಲ್ಲಿ. ಗಾಡಿಯ ಚಾಸಿಗೆ ಬೋಲ್ಟು ಹಾಕಿದ, ಭಾರದ ಮಿತಿ ನಮೂದಾಗಿರುವ ಎಳೆಯುವ ಕೊಂಡಿಗಳು ಮುಂದೆ ಎರಡು ಇರದಿದ್ದರೆ ಅವರು ಗಾಡಿಯನ್ನೇ ಕೊಡುವುದಿಲ್ಲ ಎಂದರು. ಹೂತ ಗಾಡಿಯನ್ನು ಇನ್ನೊಂದು ಗಾಡಿಯಿಂದ ಎಳೆಸಲು ಬಳಸುವ ಹಿಗ್ಗುವ ಎಳೆಪಟ್ಟಿಯು ರಬ್ಬರಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡು ಒಮ್ಮೆಲೇ ಬಿಡುಗಡೆ ಮಾಡುತ್ತದೆ. ಆಗ ಟ್ರೈಲರ್ ಕೊಂಡಿಯ ಗುಂಡಿಗೆ ಪಟ್ಟಿ ಸಿಕ್ಕಿಸಿದ್ದರೆ ಆ ಗುಂಡು ಮುರಿದು ಫಿರಂಗಿ ಗುಂಡಿನಂತೆ ಹಾರುತ್ತದೆ. ಆಸ್ಟ್ರೇಲಿಯದಲ್ಲಿ ಹೀಗೆ ಜನ ಸತ್ತಿದ್ದಾರೆ, ಆದ್ದರಿಂದಲೇ ಇಲ್ಲಿ ಮಾರುವ ಪಟ್ಟಿಗಳ ಮೇಲೆ ಎಚ್ಚರಿಕೆಯ ಬರಹ ಕಡ್ಡಾಯ. ಪಟ್ಟಿಯ ಮುರಿಯುವ ಶಕ್ತಿ ಗಾಡಿಗಳಲ್ಲಿ ಹಗುರವಾದುದರ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇರಬೇಕೆಂಬ ಸೂಚನೆಯೂ ಅದರಲ್ಲಿರುತ್ತದೆ. ನಮ್ಮದು ಎಂಟು ಟನ್ನಿನದು, ಅದನ್ನು ಒಮ್ಮೆಯೂ ಬಿಚ್ಚಲಿಲ್ಲ. ಬಿಚ್ಚಿದ್ದು ಮ್ಯಾಕ್ಸ್‌ಟ್ರ್ಯಾಕ್ಸ್ ಎಂಬ ಕಿತ್ತಳೆ ಬಣ್ಣದ ನೈಲಾನ್ ಹಲಗೆಗಳನ್ನು, ಎರಡು ಸಲ. ಚಕ್ರದ ಮುಂದಿನ ಮರಳನ್ನು ಸಲಿಕೆಯಿಂದ ಬಾಚಿ, ಹಲಗೆಯನ್ನು ಚಕ್ರದಡಿಗೆ ತುರುಕಿ, ಕೆಳಗಿನ ಗೇರಿನಲ್ಲಿ ಮೆಲ್ಲನೆ ಹತ್ತಿಸಿದರೆ ಐದೇ ನಿಮಿಷದ ಕೆಲಸ. ಅವಸರದಿಂದ ಆಕ್ಸಲರೇಟರ್ ತುಳಿದು ಚಕ್ರ ಉಜ್ಜಿದರೆ ಹಲಗೆಯ ಮುಳ್ಳುಗಳು ಕರಗಿ ಹೋಗುತ್ತವೆ. ಭಾವಮೈದುನನ ಹಲಗೆಗಳಲ್ಲಿ ಎರಡು ಸಾಲು ಹೀಗೇ ಬೋಳಾಗಿವೆ.

ಈಗ ದೂರುಗಳು. ಮೊದಲನೆಯದು ಚಿಕ್ಕದು. ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲಿನ ಬೀಜಗಳು ರೇಡಿಯೇಟರಿನ ಸಂದುಗಳಲ್ಲಿ ತುಂಬಿಕೊಂಡು ಎಂಜಿನ್ ಕಾಯುವುದೂ, ಗಾಡಿಯಡಿಯ ಬಿಸಿ ಕೊಳವೆಗಳ ಸುತ್ತ ಒಣಹುಲ್ಲು ಸೇರಿ ಬೆಂಕಿ ಹತ್ತಿ ಗಾಡಿಯೇ ಸುಟ್ಟುಹೋಗುವುದೂ ಈ ದಾರಿಗಳಲ್ಲಿ ಆಗುವಂಥದ್ದು. ಅದಕ್ಕೆಂದು ಮುಂಭಾಗಕ್ಕೆ ಜಾಲರಿ ಕಟ್ಟುತ್ತಾರೆ. ಇವರು ಕಟ್ಟಿದ ಜಾಲರಿ ಸೊಳ್ಳೆಪರದೆಯಷ್ಟು ಒತ್ತಾಗಿದ್ದು ಎರಡು ಪದರವಿತ್ತು. ಪಶ್ಚಿಮದ ಗಾಳಿ ಬೆನ್ನಿಗಿರುವಾಗ, ಮೆಲ್ಲನೆ ದಿಣ್ಣೆ ಹತ್ತುವಾಗ, ಒಳಗೆ ಗಾಳಿಯೇ ನುಗ್ಗದೆ, ಮರುಭೂಮಿಯ ಪಶ್ಚಿಮದ ಅಂಚಿನಲ್ಲಿರುವ ಪರ್ನಿ ಬೋರ್ ಎಂಬ ಕೊಳವೆಬಾವಿಯನ್ನು ದಾಟಿದ ಮೊದಲ ಬೆಳಿಗ್ಗೆಯೇ ಉಷ್ಣತೆಯ ಮುಳ್ಳು ಏರತೊಡಗಿತು. ಒಂದು ಪದರವನ್ನು ಕತ್ತರಿಸಿ ತೆಗೆದ ಮೇಲೆ ಸರಿಯಾಯಿತು. ಬೀಜ ತಡೆಯುವ ಉತ್ಸಾಹದಲ್ಲಿ ಗಾಳಿಯನ್ನೇ ತಡೆದದ್ದು ಅನುಭವಸ್ಥರಿಗೆ ಶೋಭಿಸುವ ತಪ್ಪಲ್ಲ.

ಎರಡನೆಯದನ್ನು ನಾನು ಚಿಕ್ಕದೆನ್ನಲಾರೆ. ಊಡ್ನಡಾಟಾದಿಂದ ಮೌಂಟ್ ಡೇರ್ ಕಡೆಗೆ ಹೋಗುವಾಗ ಗಿಬ್ಬರ್ ಕಲ್ಲೊಂದು ಎಡ ಹಿಂಬದಿಯ ಟೈರನ್ನು ಸೀಳಿತು. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಸ್ಟೆಪ್ನಿ ಹಾಕಲು ಹೋದರೆ ಚಕ್ರದ ಆರು ನಟ್ಟುಗಳಲ್ಲಿ ಒಂದೂ ಅಲುಗಲಿಲ್ಲ. ಶಾಕ್‌ಗಳನ್ನು ಬದಲಿಸಿದ ಮೇಲೆ ವರ್ಕ್‌ಶಾಪಿನ ಹುಡುಗರು ಗಾಳಿಯ ಗನ್ನಿನಿಂದ ಚಕ್ರ ಬಿಗಿದು, ಟಾರ್ಕ್ ವ್ರೆಂಚಿನಿಂದ ಅಳತೆ ನೋಡದೆ ಬಿಟ್ಟಿದ್ದರು. ಗಾಡಿಯೊಂದಿಗೆ ಬಂದ, ಚಕ್ರದ ನಟ್ಟು ಬಿಚ್ಚುವ ಪಾನ ಕೊಕ್ಕರೆಯ ಕತ್ತಿನಂತೆ ಬಾಗಿತು. ಭಾವಮೈದುನ ಅದರ ಮೇಲೆ ಹತ್ತಿ ನಿಂತು ಕುಣಿದ, ನಟ್ಟು ಮಿಸುಕಲಿಲ್ಲ. ಕೊನೆಗೆ ಅವನ ಗಾಡಿಯ ಗಟ್ಟಿ ಪಾನಕ್ಕೆ ಜಾಕಿನ ಟೊಳ್ಳು ಹಿಡಿಕೆಯನ್ನು ಸಿಕ್ಕಿಸಿ ಉದ್ದ ಮಾಡಿಕೊಂಡು, ಇಬ್ಬರೂ ನೇತಾಡಿ ಒಂದೊಂದನ್ನೇ ಕಿರುಗುಟ್ಟಿಸುತ್ತ ಬಿಚ್ಚುವ ಹೊತ್ತಿಗೆ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಅದೇ ಸಂಜೆ ಉಳಿದ ಮೂರು ಚಕ್ರಗಳ ಹದಿನೆಂಟು ನಟ್ಟುಗಳನ್ನೂ ಹೀಗೇ ಸಡಿಲಿಸಿ ಕೈಬಲಕ್ಕೆ ತಕ್ಕಷ್ಟು ಮತ್ತೆ ಬಿಗಿದೆವು. ಎರಡು ಗಾಡಿಗಳಿದ್ದುದರಿಂದ ಇದು ಬೆವರಿನಲ್ಲಿ ಮುಗಿಯಿತು. ಒಂಟಿ ಗಾಡಿಯಾಗಿದ್ದರೆ, ಎರಡು ಒಳ್ಳೆಯ ಸ್ಟೆಪ್ನಿಗಳನ್ನು ಹೊತ್ತುಕೊಂಡೇ ಅಲ್ಲಿ ಕೂತಿರಬೇಕಾಗಿತ್ತು. ಹಳದಿ ಗೆರೆ ಎಳೆಯುವಷ್ಟು ಸೂಕ್ಷ್ಮವಾಗಿ ಕೆಲಸ ಮಾಡುವ ಅಂಗಡಿಯಲ್ಲಿ ಇಷ್ಟು ದಪ್ಪ ತಪ್ಪು ಹೇಗೆ ನುಸುಳಿತೆಂದು ಈಗಲೂ ಆಶ್ಚರ್ಯಪಡುತ್ತೇನೆ. ಯಾವ ವರ್ಕ್‌ಶಾಪಿನಿಂದ ಗಾಡಿ ತಂದರೂ ಮನೆಯಂಗಳದಲ್ಲಿ, ಗಾಡಿಯಲ್ಲಿರುವ ಅದೇ ಜಾಕು, ಅದೇ ಪಾನದಿಂದ ಒಂದೊಂದು ಚಕ್ರವನ್ನೂ ಬಿಚ್ಚಿ ಹಾಕಿ ನೋಡದೆ ಹೊರಡಬಾರದು.

ಸುರಕ್ಷತೆಯ ಸಾಮಾನುಗಳಲ್ಲಿ ವರ್ಕ್‌ಶಾಪಿನ ಪಾಲು ಕಡಿಮೆ. ಯುಎಚ್‌ಎಫ್ ರೇಡಿಯೋ ಜೋಡಿಸಿಕೊಟ್ಟರು, ಮರುಭೂಮಿಯಲ್ಲಿ ಎಲ್ಲರೂ 10ನೇ ಚಾನೆಲಿನಲ್ಲಿ ಇರುತ್ತಾರೆ, ಎದುರಿನಿಂದ ಬರುವವರನ್ನು ದಿಣ್ಣೆಯ ಆಚೆಗಿರುವಾಗಲೇ ಮಾತಾಡಿಸಬಹುದು. ಬಾವುಟದ ಕೋಲನ್ನು ನೆಲದಿಂದ ಮೂರೂವರೆ ಮೀಟರ್ ಎತ್ತರಕ್ಕೆ ಬರುವಂತೆ ಅಳೆದು ಬುಲ್‌ಬಾರಿಗೆ ಬಿಗಿದಿದ್ದರು. ದಿಣ್ಣೆಯ ನೆತ್ತಿಯಲ್ಲಿ ಬಾನೆಟ್ ಬಿಟ್ಟರೆ ಆಕಾಶ ಮಾತ್ರ ಕಾಣುವ ಆ ಎರಡು ಸೆಕೆಂಡುಗಳಲ್ಲಿ ಎದುರಿನವನ ಕಿತ್ತಳೆ ಬಾವುಟವೊಂದೇ ಗತಿ, ಅಲ್ಲಿ ಅದು ಕಡ್ಡಾಯವೂ ಹೌದು. ಉಪಗ್ರಹ ಫೋನನ್ನು ಬಾಡಿಗೆಗೆ ತಂದೆವು, ಆಪತ್ತಿನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ಆಪತ್ಸೂಚಕವನ್ನು ಕೊಂಡು ಆಸ್ಟ್ರೇಲಿಯದ ಕಡಲ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಾಯಿಸಿದೆವು, ನೋಂದಣಿಗೆ ದುಡ್ಡಿಲ್ಲ. ನೀರಿನಲ್ಲಿ ಮಾತ್ರ ತೂಕದ ಲೆಕ್ಕ ನೋಡಲಿಲ್ಲ. ತಲೆಗೆ ದಿನಕ್ಕೆ ಏಳು ಲೀಟರಿನಂತೆ ದಾಟುವ ನಾಲ್ಕು ದಿನಕ್ಕೆ, ಜೊತೆಗೆ ಕೆಟ್ಟು ನಿಂತರೆ ಮೂರು ದಿನಕ್ಕೆ, ಹೀಗೆ ನೂರು ಲೀಟರನ್ನು ಒಂದೇ ತೊಟ್ಟಿಯಲ್ಲಿಡದೆ ಐದು ಕ್ಯಾನುಗಳಲ್ಲಿ ಹಂಚಿದೆವು. 1963ರ ಡಿಸೆಂಬರಿನಲ್ಲಿ ಬರ್ಡ್ಸ್‌ವಿಲ್ ದಾರಿಯಲ್ಲಿ ಇಂಧನ ಮುಗಿದು, ಕಾರನ್ನು ಬಿಟ್ಟು ನಡೆದು ಹೋದ ಐದು ಜನರ ಒಂದು ಇಡೀ ಕುಟುಂಬ ನೀರಿಲ್ಲದೆ ಸತ್ತಿತ್ತು. ಗಾಡಿ ಕೆಟ್ಟರೆ ಗಾಡಿಯ ಬಳಿಯೇ ಇರಬೇಕು ಎಂಬ ಮಾತನ್ನು ವರ್ಕ್‌ಶಾಪಿನವರು ಸ್ಟಿಯರಿಂಗಿನ ಪಕ್ಕದಲ್ಲಿ ಅಂಟುಚೀಟಿಯಾಗಿಯೇ ಹಚ್ಚಿ ಕಳಿಸಿದ್ದರು.

ಮರುಭೂಮಿಯನ್ನು ದಾಟಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇದು ಪ್ರವಾಸ ಕಥನವಲ್ಲ. ದಿಣ್ಣೆಗಳ ಪಶ್ಚಿಮದ ಮೈ ಇಳಿಜಾರು, ಪೂರ್ವದ ಮೈ ಕಡಿದು, ಆದ್ದರಿಂದ ಪಶ್ಚಿಮದಿಂದ ಪೂರ್ವಕ್ಕೆ ಹೋದವರಿಗೆ ಹತ್ತುವುದು ಸುಲಭ. ನಾವು ಹಾಗೆಯೇ ಹೋದೆವು. ಮರುಭೂಮಿಯ ಪಶ್ಚಿಮದ ಅಂಚಿನ ಡಲ್ಹೌಸಿಯ ಬಿಸಿನೀರಿನ ಕೊಳದಲ್ಲಿ ಮಿಂದು ಹೊರಟ ಮೇಲೆ ಮೂರು ಗಡಿಗಳು ಸೇರುವ ಪೋಪೆಲ್ ಕಾರ್ನರ್ ತಲಪುವವರೆಗೆ, ಜಾಲರಿ ಕತ್ತರಿಸಿದ ಆ ಬೆಳಿಗ್ಗೆಯನ್ನು ಬಿಟ್ಟರೆ, ಗಾಡಿಯ ಬಗ್ಗೆ ಯೋಚಿಸಬೇಕಾಗಿ ಬರಲಿಲ್ಲ ಎಂಬುದೇ ವರ್ಕ್‌ಶಾಪಿಗೆ ಸಲ್ಲಬೇಕಾದ ದೊಡ್ಡ ಪ್ರಶಂಸೆ. ಬರ್ಡ್ಸ್‌ವಿಲ್ಲಿಗೆ 35 ಕಿಲೋಮೀಟರ್ ಇರುವಾಗ ಎದುರಾಗುವ, ನಲವತ್ತು ಮೀಟರ್ ಎತ್ತರದ ಬಿಗ್ ರೆಡ್ ಎಂಬ ಕೊನೆಯ ದಿಣ್ಣೆಯನ್ನು ನಾವು 16 ಪಿಎಸ್‌ಐನಲ್ಲಿ ಎರಡು ಸಲ ಹತ್ತಲಾರದೆ ಹಿಂದಕ್ಕೆ ಜಾರಿದೆವು. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೂ ಡೀಸೆಲ್ಲೂ ಖರ್ಚಾಗಿ ಗಾಡಿ ಹಗುರವಾಗಿತ್ತು, ಗಾಳಿಯನ್ನು 13ಕ್ಕೆ ಇಳಿಸಿದೆ, ಮೂರನೆಯ ಸಲ ಮೇಲಿದ್ದೆವು. ವಿಂಚಿದ್ದ, ಛಾವಣಿ ಡೇರೆಯಿದ್ದ, ನನ್ನ ಹಳೆಯ ಪಟ್ಟಿಯಲ್ಲಿದ್ದುದೆಲ್ಲ ಇದ್ದ ಗಾಡಿಯೊಂದು ಕೆಳಗೆ ಐದನೆಯ ಸಲ ಪ್ರಯತ್ನಿಸುತ್ತಿತ್ತು. ಅದನ್ನು ನೋಡಿ ಒಳಗೊಳಗೇ ಸುಖಪಟ್ಟದ್ದನ್ನು ಮರೆಮಾಚುವುದಿಲ್ಲ.

ಅಡಿಲೇಡಿಗೆ ಮರಳಿದ ವಾರ ಬಾಗಿದ ಪಾನವನ್ನು ತೆಗೆದುಕೊಂಡು ಹೋಗಿ ಯಜಮಾನರ ಮೇಜಿನ ಮೇಲಿಟ್ಟೆ. ಅವರು ವಾದ ಮಾಡಲಿಲ್ಲ. ಅಂದು ನನ್ನ ಗಾಡಿಯ ಚಕ್ರಗಳನ್ನು ಹಾಕಿದ್ದ ಹುಡುಗನನ್ನು ಕರೆದು ಅದನ್ನು ಅವನ ಕೈಗೆ ಕೊಟ್ಟು, ನನಗೆ ಹೊಸ ಪಾನವನ್ನೂ ಮುಂದಿನ ಸರ್ವಿಸಿನ ಕೂಲಿಯ ರಿಯಾಯಿತಿಯನ್ನೂ ಬರೆದುಕೊಟ್ಟರು. ಜಾಲರಿಯ ವಿಷಯವನ್ನು ಮಾತ್ರ ಅವರು ಪೂರ್ತಿ ಒಪ್ಪಲಿಲ್ಲ, ಬೀಜ ಹೆಚ್ಚಿರುವ ವರ್ಷಗಳಲ್ಲಿ ಎರಡು ಪದರ ಬೇಕಾಗುತ್ತದೆ ಎಂಬುದು ಅವರ ವಾದ. ಸೆಪ್ಟೆಂಬರಿನ ಸರ್ವಿಸಿಗೆ ಅಲ್ಲೇ ಸಮಯ ಗೊತ್ತುಮಾಡಿದ್ದೇನೆ. ಬಾಗಿದ ಪಾನ ಈಗ ಅವರ ಗೋಡೆಯಲ್ಲಿ, ಟಾರ್ಕ್ ವ್ರೆಂಚಿನ ಪಕ್ಕದ ಮೊಳೆಗೆ ನೇತುಹಾಕಿದೆ.